ಬೊಲೆರೊ ಕನ್ನಡಿಗೆ ಎಲ್‌ಇಡಿ ಇಂಡಿಕೇಟರ್ ಹಾಕಿಸಿದೆ: ಮಿನುಗು ವಿಪರೀತ ವೇಗ, ಒಳಗೆ ನೀರು

ಮೇಗರವಳ್ಳಿ ಬೊಲೆರೊ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತೀರ್ಥಹಳ್ಳಿ–ಆಗುಂಬೆ ರಸ್ತೆಯಲ್ಲಿ ಮೇಗರವಳ್ಳಿ ದಾಟಿ, ಎರಡು ಕಿಲೋಮೀಟರ್ ಮಣ್ಣಿನ ದಾರಿಯ ಒಳಗೆ. ವಾಹನ 2011ರ ಬೊಲೆರೊ. ಅಡಿಕೆ ಮೂಟೆ, ಗೊಬ್ಬರ, ಮಕ್ಕಳ ಶಾಲೆ, ಅಮ್ಮನ ಆಸ್ಪತ್ರೆ, ಎಲ್ಲಕ್ಕೂ ಅದೊಂದೇ.

ಕಳೆದ ಆಷಾಢದಲ್ಲಿ ಹೆದ್ದಾರಿಯಿಂದ ಬಲಕ್ಕೆ, ಮನೆಯ ದಾರಿಗೆ ತಿರುಗುತ್ತಿದ್ದಾಗ ಬೈಕಿನ ಹುಡುಗನೊಬ್ಬ ನನ್ನ ಬಲಗಡೆಯಿಂದಲೇ ನುಗ್ಗಿದ. ಕೂದಲೆಳೆಯ ಅಂತರದಲ್ಲಿ ಪಾರಾದ. ಇಳಿದು ಗದರಿಸಿದರೆ, "ಇಂಡಿಕೇಟರ್ ಕಾಣಲೇ ಇಲ್ಲ ಅಣ್ಣಾ" ಎಂದ. ಹಿಂದೆ ಹೋಗಿ ನೋಡಿದೆ, ಅವನ ಮಾತು ನಿಜವಾಗಿತ್ತು. ಹಿಂದಿನ ದೀಪಕ್ಕೂ ಮುಂಭಾಗದ ಪಕ್ಕದ ಪುಟ್ಟ ದೀಪಕ್ಕೂ ಕೆಂಪು ಕೆಸರು ಗಾರೆಯಂತೆ ಮೆತ್ತಿಕೊಂಡಿತ್ತು. ಹೆಬ್ಬೆರಳಿನಿಂದ ಉಜ್ಜಿದ ಮೇಲೆಯೇ ಹಳದಿ ಬೆಳಕು ಹೊರಗೆ ಬಂದದ್ದು. ಆದರೆ ಕನ್ನಡಿಯ ಎತ್ತರಕ್ಕೆ ಕೆಸರು ಹಾರಿರಲಿಲ್ಲ. ಇಂಡಿಕೇಟರ್ ಇರಬೇಕಾದ ಜಾಗ ಇದೇ ಎಂದು ಅಲ್ಲೇ ನಿಂತು ತೀರ್ಮಾನಿಸಿದೆ.

ಶಿವಮೊಗ್ಗದ ಒಂದು ಅಂಗಡಿಯಲ್ಲಿ ಎರಡೂ ಕನ್ನಡಿಯ ಹೊರ ಕವರಿಗೆ ಎಲ್‌ಇಡಿ ಪಟ್ಟಿ ಹಾಕಿಸಿದೆ. ತಿರುಗುವಾಗ ಹಳದಿ ಮಿನುಗುತ್ತದೆ, ಉಳಿದ ಹೊತ್ತು ಬಿಳಿ ಉರಿಯುತ್ತಲೇ ಇರುತ್ತದೆ. "ಇದರ ಜೊತೆಗೆ ಚೆನ್ನಾಗಿರುತ್ತದೆ" ಎಂದು ಮುಂದಿನ ಇಂಡಿಕೇಟರ್ ಬಲ್ಬುಗಳನ್ನೂ ತೆಗೆದು ಎಲ್‌ಇಡಿ ಹಾಕಿಕೊಟ್ಟರು. ಅಂದಿನಿಂದ ಎರಡೂ ಕಡೆ ಮಿನುಗು ಹುಚ್ಚು ಹಿಡಿದ ಹಾಗಿದೆ. ಗಡಿಯಾರ ಹಿಡಿದು ಎಣಿಸಿದೆ, ನಿಮಿಷಕ್ಕೆ 160. ಮೊದಲ ದೊಡ್ಡ ಮಳೆಗೆ ಎಡಗಡೆಯ ಪಟ್ಟಿಯೊಳಗೆ ಮಂಜು ಕಟ್ಟಿತು. ಈಗ ಅದರಲ್ಲಿ ಅರ್ಧ ಮಾತ್ರ ಉರಿಯುತ್ತದೆ. ಮತ್ತೆ ಅದೇ ಅಂಗಡಿಗೆ ಹೋದರೆ ರೆಸಿಸ್ಟರ್ ಹಾಕಬೇಕು ಎನ್ನುತ್ತಾರೆ. ಹಾಕಿಸಬಹುದೇ? ಈ ದೀಪವನ್ನು ಕಿತ್ತುಹಾಕಲು ನನಗೆ ಮನಸ್ಸಿಲ್ಲ. ಆ ಹುಡುಗನ ಮುಖ ಇನ್ನೂ ಕಣ್ಣಿನ ಮುಂದಿದೆ.

ಸಾಗರದ ವೈರಿಂಗ್ ಕೈ:

ನಮಸ್ಕಾರ. ನಾನು 22 ವರ್ಷದಿಂದ ವಾಹನಗಳ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ನಿಮ್ಮ ತೊಂದರೆಗೆ ಕನ್ನಡಿಯ ದೀಪ ಕಾರಣವಲ್ಲ, ಮುಂದಿನ ಬಲ್ಬು ಬದಲಾಯಿಸಿದ್ದು ಕಾರಣ.

ಹಳೆಯ ಬಲ್ಬು 21 ವಾಟ್, 12 ವೋಲ್ಟಿಗೆ ಹೆಚ್ಚುಕಡಿಮೆ 1.75 ಆಂಪಿಯರ್ ಎಳೆಯುತ್ತದೆ. ಮುಂದೊಂದು, ಹಿಂದೊಂದು, ಪಕ್ಕದಲ್ಲಿ 5 ವಾಟಿನದು. ಇವು ಒಟ್ಟಾಗಿ ಎಷ್ಟು ಎಳೆಯುತ್ತವೆ ಎಂಬ ಲೆಕ್ಕದ ಮೇಲೆ ನಿಮ್ಮ ರಿಲೇ, ಅಂದರೆ ಇಂಡಿಕೇಟರನ್ನು ಮಿನುಗಿಸುವ ಸಣ್ಣ ಸಾಧನ, ಕೆಲಸ ಮಾಡುತ್ತದೆ. ಎಳೆತ ಕಡಿಮೆಯಾದರೆ ಬಲ್ಬು ಸುಟ್ಟಿದೆ ಎಂದು ತಿಳಿದು, ಚಾಲಕನಿಗೆ ಗೊತ್ತಾಗಲಿ ಎಂದು ವೇಗವಾಗಿ ಮಿನುಗಿಸುತ್ತದೆ. ಎಲ್‌ಇಡಿ ಎಳೆಯುವುದು ತೀರಾ ಕಡಿಮೆಯಾದ್ದರಿಂದ ರಿಲೇಗೆ ಅದು ಸುಟ್ಟ ಬಲ್ಬಿನ ಹಾಗೆಯೇ ಕಾಣುತ್ತದೆ. ನಿಮಿಷಕ್ಕೆ 60ರಿಂದ 120 ಬಾರಿ ಮಿನುಗಬೇಕು ಎಂಬುದು ನಿಯಮ. 160 ಎಂದರೆ ಎದುರಿನವನಿಗೆ ಇಂಡಿಕೇಟರ್ ಎಂದೇ ತಿಳಿಯುವುದಿಲ್ಲ.

ಮುಂದಿನ ಎರಡಕ್ಕೂ ಹಳೆಯ ಬಲ್ಬನ್ನೇ ಹಾಕಿಸಿ. ಕನ್ನಡಿಯ ಎಲ್‌ಇಡಿ ಹೆಚ್ಚುವರಿಯಾಗಿ ಪಕ್ಕದಲ್ಲಿ ಸೇರಿಕೊಂಡಿರಲಿ, ಅದರಿಂದ ರಿಲೇಗೆ ಏನೂ ವ್ಯತ್ಯಾಸವಾಗುವುದಿಲ್ಲ. ಹಳೆಯ ಬಲ್ಬಿನ ಹಾಗೆ ವಿದ್ಯುತ್ ಎಳೆದು ರಿಲೇಯನ್ನು ನಂಬಿಸುವ ರೆಸಿಸ್ಟರ್ ಮಾತ್ರ ದಯವಿಟ್ಟು ಬೇಡ. ಮಾರುಕಟ್ಟೆಯಲ್ಲಿ ಸಿಗುವುದು 6 ಓಮ್, 50 ವಾಟಿನದು. ಎಂಜಿನ್ ಓಡುವಾಗ 14 ವೋಲ್ಟಿಗೆ ಅದು ಸುಮಾರು 33 ವಾಟಿನಷ್ಟು ಶಾಖವನ್ನೇ ಹುಟ್ಟಿಸುತ್ತದೆ. ಎಲ್ಲ ಇಂಡಿಕೇಟರ್ ಒಟ್ಟಿಗೆ ಮಿನುಗುವ ಅಪಾಯದ ದೀಪ ಹಾಕಿಕೊಂಡು ಅರ್ಧ ಗಂಟೆ ನಿಂತರೆ ಮುಟ್ಟಲಾಗದಷ್ಟು ಕಾಯುತ್ತದೆ. ಅದನ್ನು ಟೇಪು ಸುತ್ತಿ ಪ್ಲಾಸ್ಟಿಕ್ಕಿಗೆ ಒರಗಿಸಿ ಬಿಟ್ಟಿದ್ದ ಎರಡು ವಾಹನಗಳ ಕರಗಿದ ವೈರನ್ನು ನಾನೇ ಕಿತ್ತಿದ್ದೇನೆ. ಎಲ್ಲ ದೀಪವೂ ಎಲ್‌ಇಡಿಯೇ ಬೇಕೆಂದರೆ ಅದಕ್ಕೆಂದೇ ಬರುವ ಎಲೆಕ್ಟ್ರಾನಿಕ್ ರಿಲೇ ಹಾಕಬೇಕು.

ಹೊಸನಗರ ಮಳೆ:

ನೀರಿನ ವಿಷಯ ನಾನು ಹೇಳುತ್ತೇನೆ, ಒಂದು ಮಳೆಗಾಲ ಪೂರ್ತಿ ಅನುಭವಿಸಿದ್ದೇನೆ. ನೀರು ಪಟ್ಟಿಯ ಮುಂಭಾಗದಿಂದ ಒಳಗೆ ಹೋಗುವುದಕ್ಕಿಂತ ವೈರನ್ನೇ ಹಿಡಿದುಕೊಂಡು ಹೋಗುವುದು ಹೆಚ್ಚು. ವೈರು ದೀಪವನ್ನು ಸೇರುವ ಮೊದಲು ಒಮ್ಮೆ ಕೆಳಗೆ ಜೋತು ಬಿದ್ದು ಮೇಲೇರಬೇಕು, ಆಗ ಹನಿ ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ಕನ್ನಡಿಯ ಕವರಿನ ತಳದಲ್ಲಿ ಒಂದು ಸಣ್ಣ ತೂತು ಇದೆಯೇ ನೋಡಿ. ಒಳಬಂದ ನೀರು ಹೊರಹೋಗುವ ದಾರಿ ಅದು. ಅಂಟು ಬಳಿಯುವವರು ಅದನ್ನೂ ಸೇರಿಸಿ ಮುಚ್ಚಿಬಿಡುತ್ತಾರೆ.

ಇನ್ನೊಂದು ಮಾತು. ವಿನೆಗರ್ ವಾಸನೆ ಬರುವ ಸಿಲಿಕೋನ್ ಅಂಟನ್ನು ವೈರಿನ ಹತ್ತಿರ ತರಬೇಡಿ. ಅದು ಒಣಗುವಾಗ ಬಿಡುವ ಆಮ್ಲ ತಾಮ್ರವನ್ನು ತಿನ್ನುತ್ತದೆ. ಆ ವಾಸನೆಯಿಲ್ಲದ, ನ್ಯೂಟ್ರಲ್ ಎಂದು ಬರೆದಿರುವ ಸಿಲಿಕೋನ್ ಸಿಗುತ್ತದೆ, ಅದನ್ನೇ ಕೇಳಿ ತನ್ನಿ.

ಘಾಟಿ ಟ್ಯಾಕ್ಸಿ:

ವಾರಕ್ಕೆ ಮೂರು ಸಲ ಆಗುಂಬೆ ಘಾಟಿಯ 14 ತಿರುವು ಇಳಿದು ಉಡುಪಿಗೆ ಹೋಗುವವನು ನಾನು. ನಿಮ್ಮ ಆಲೋಚನೆ ಸರಿಯಾಗಿದೆ. ಮರ್ಸಿಡಿಸ್‌ನವರು 1998ರಲ್ಲಿ ಎಸ್ ಕ್ಲಾಸ್ ಕಾರಿನ ಕನ್ನಡಿಯಲ್ಲಿ ಇಂಡಿಕೇಟರ್ ಇಟ್ಟರು, ಈಗ ಸಾಮಾನ್ಯ ಕಾರುಗಳಲ್ಲೂ ಬರುತ್ತಿದೆ. ಪಕ್ಕದಲ್ಲಿ ಬರುವ ಬೈಕಿನವನ ಕಣ್ಣಿನ ಮಟ್ಟಕ್ಕೇ ಅದು ಇರುತ್ತದೆ.

ಆದರೆ ಆ ಬಿಳಿ ದೀಪವನ್ನು ಮೊದಲು ಕಡಿದುಹಾಕಿ. ಮಂಜಿನಲ್ಲಿ ಬಿಳಿ ಹರಡಿಕೊಂಡು ಹಳದಿಯನ್ನು ನುಂಗುತ್ತದೆ. ನನ್ನ ಮುಂದೆ ಹೋಗುತ್ತಿದ್ದ ಅಂಥದ್ದೊಂದು ವಾಹನ ತಿರುಗುತ್ತಿದೆಯೋ ನಿಂತಿದೆಯೋ ಎಂದು ತಿಳಿಯದೆ ನಾನೇ ಬ್ರೇಕ್ ತುಳಿದು ನಿಂತಿದ್ದೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟದ್ದಕ್ಕಿಂತ ವಾಹನವನ್ನು ಬೇರೆ ಮಾಡುವುದನ್ನು ತಡೆಯುತ್ತದೆ. ಆದ್ದರಿಂದ ಆರ್‌ಟಿಒ ಕಚೇರಿಯಲ್ಲಿ ಒಂದು ಮಾತು ಕೇಳಿಕೊಳ್ಳುವುದು ಒಳ್ಳೆಯದು. ಇಂಡಿಕೇಟರ್ ಹಳದಿಯೇ ಇರಬೇಕು. ಕೆಂಪು, ನೀಲಿ ಯಾವುದೂ ಮುಂದಕ್ಕೆ ಕಾಣಬಾರದು.

ಮೇಗರವಳ್ಳಿ ಬೊಲೆರೊ:

ಮೂವರಿಗೂ ತುಂಬು ಮನಸ್ಸಿನ ವಂದನೆ. ಭಾನುವಾರ ಮಳೆ ಬಿಡುವು ಕೊಟ್ಟಿತ್ತು. ಮನೆಯ ಅಂಗಳದಲ್ಲೇ ಕೂತು ಮಾಡಿದೆ.

ಮುಂದಿನ ಹಳೆಯ ಬಲ್ಬುಗಳನ್ನು ಪುಣ್ಯಕ್ಕೆ ಬಿಸಾಡಿರಲಿಲ್ಲ. ಹಾಕಿ ಎಣಿಸಿದೆ, ನಿಮಿಷಕ್ಕೆ 84. ಮೊದಲಿನ ಟಿಕ್ ಟಿಕ್ ಕೇಳಿ ಜೀವಕ್ಕೆ ಸಮಾಧಾನವಾಯಿತು.

ಎಡಗಡೆಯ ಕನ್ನಡಿ ಬಿಚ್ಚಿದಾಗ ಮಾತ್ರ ಹೊಟ್ಟೆ ಉರಿಯಿತು. ವೈರಿಗೆ ವೈರು ಸುಮ್ಮನೆ ಹೊಸೆದು ಕಪ್ಪು ಟೇಪು ಸುತ್ತಿದ್ದರು. ಟೇಪು ಬಿಡಿಸಿದರೆ ತಾಮ್ರದ ಎಳೆಗಳೆಲ್ಲ ಹಸಿರು ಕಿಲುಬು ಹಿಡಿದು, ಉಗುರು ತಾಗಿಸಿದರೆ ಪುಡಿಯಾಗಿ ಉದುರುತ್ತಿದ್ದವು. ಇನ್ನೂ ಎರಡು ತಿಂಗಳೂ ಆಗಿರಲಿಲ್ಲ. ತಳದ ತೂತು ಹೊಸನಗರದವರು ಹೇಳಿದಂತೆಯೇ ಅಂಟಿನಿಂದ ಮುಚ್ಚಿಹೋಗಿತ್ತು. ಸೂಜಿಯಿಂದ ಚುಚ್ಚಿದ ಕೂಡಲೇ ಅರ್ಧ ಚಮಚದಷ್ಟು ಕಂದು ನೀರು ನನ್ನ ಅಂಗೈ ಮೇಲೆ ಬಿತ್ತು. ದುಡ್ಡು ತೆಗೆದುಕೊಂಡು ಮಲೆನಾಡಿನ ಗಾಡಿಗೆ ಹೀಗೆ ಕೆಲಸ ಮಾಡಿಕೊಡುವುದು ತಪ್ಪು, ಅದನ್ನು ಹೋಗಿ ನೇರವಾಗಿ ಹೇಳಿ ಬರುತ್ತೇನೆ.

ಕೆಟ್ಟ ತುದಿ ಕತ್ತರಿಸಿ, ಬೆಸುಗೆ ಹಾಕಿ, ಬಿಸಿ ಮಾಡಿದರೆ ಬಿಗಿಯುವ ಕೊಳವೆ ತೊಡಿಸಿದೆ. ವೈರಿಗೆ ಜೋತು ಬೀಳುವಷ್ಟು ಸಡಿಲ ಬಿಟ್ಟೆ. ಬಿಳಿ ದೀಪದ ವೈರನ್ನು ಎರಡೂ ಕಡೆ ಕಡಿದು ತುದಿ ಮುಚ್ಚಿದೆ. ಪಟ್ಟಿಯ ಅರ್ಧ ಈಗಲೂ ಉರಿಯುತ್ತಿಲ್ಲ, ಆ ಕಡೆಗೆ ಬೇರೆ ತರಬೇಕು. ಸಂಜೆ ಮಗನನ್ನು ಬೈಕಿನಲ್ಲಿ ಬಲಗಡೆ ಹಿಂದೆ ನಿಲ್ಲಿಸಿ ಇಂಡಿಕೇಟರ್ ಹಾಕಿದೆ. ಅವನು ಒಂದೊಂದೇ ಹೆಜ್ಜೆ ಬೈಕು ತಳ್ಳಿಕೊಂಡು ನನ್ನ ಬಾಗಿಲಿನವರೆಗೆ ಬಂದ. ಹಿಂದಿನ ದೀಪ ಕಣ್ಣಿಗೆ ಮರೆಯಾದ ಮೇಲೂ ಕನ್ನಡಿಯದು ಕಾಣುತ್ತಲೇ ಇತ್ತಂತೆ.

ಒಂದು ಪ್ರಶ್ನೆ ಉಳಿದಿದೆ. ಬಾಗಿಲಿನಿಂದ ಒಳಗೆ ವೈರು ಹೋಗುವ ಕಡೆ ಇರುವ ರಬ್ಬರ್ ಕೊಳವೆ ಅಂಗಡಿಯವರ ಕೈಯಲ್ಲಿ ಹರಿದಿದೆ. ಸದ್ಯಕ್ಕೆ ಸೈಕಲ್ ಟ್ಯೂಬು ಸುತ್ತಿದ್ದೇನೆ. ಶಿವಮೊಗ್ಗದಲ್ಲಿ ಬಿಡಿಯಾಗಿ ಅದು ಸಿಗುತ್ತದೆಯೇ, ಅಥವಾ ಗುಜರಿ ಗಾಡಿಯಿಂದ ಬಿಚ್ಚಿಸಿ ತರಬೇಕೇ?

ಸಾಗರದ ವೈರಿಂಗ್ ಕೈ:

ಬಿಚ್ಚಿ ತಂದದ್ದು ಬೇಡ, ಹಳೆಯ ರಬ್ಬರ್ ಗಟ್ಟಿಯಾಗಿರುತ್ತದೆ, ಬಾಗಿಲು ನಾಲ್ಕು ಸಲ ತೆರೆಯುವಷ್ಟರಲ್ಲಿ ಸೀಳುತ್ತದೆ. ಹರಿದದ್ದನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ ಬಿಡಿಭಾಗದ ಅಂಗಡಿಯಲ್ಲಿ ತೋರಿಸಿ, ಅಳತೆ ನೋಡಿ ಕೊಡುತ್ತಾರೆ. ಕನ್ನಡಿಯ ದೀಪಕ್ಕೆ ಹೋಗುವ ವೈರಿಗೆ 1 ಆಂಪಿಯರಿನ ಫ್ಯೂಸ್ ಹಾಕಿದ್ದೀರಾ? ಇಲ್ಲದಿದ್ದರೆ ಕೊಳವೆ ಬದಲಿಸುವಾಗಲೇ ಅದನ್ನೂ ಸೇರಿಸಿ.