ಮೊದಲ ಕೌದಿ ಹೊಲಿಯಲು ಹೊರಟ ತಂಗಿಗೆ

ಎಲ್ಲರಿಗೂ ನಮಸ್ಕಾರ. ಅಕ್ಕನ ಮಗಳಿಗೆ ದೀಪಾವಳಿಯ ಹೊತ್ತಿಗೆ ಹೆರಿಗೆಯಾಗಲಿದೆ, ಮಗುವಿಗೆಂದು ಹಳೆಯ ಬಟ್ಟೆಯ ಪದರಗಳನ್ನು ಕೂಡಿಸಿ ಕೈಯಲ್ಲೇ ಒಂದು ಕೌದಿ ಹೊಲಿಯುವ ಆಸೆಯಿದೆ, ಬಟ್ಟೆ ಕೊಳ್ಳಲು ಮೈಸೂರಿಗೆ ಬರಲೇ ಎಂದು ಮಂಡ್ಯದಿಂದ ತಂಗಿ ನಿನ್ನೆ ರಾತ್ರಿ ಕೇಳಿದ್ದಾಳೆ. ಕಲಿಯಬೇಕೆಂದಿರುವ ಉಳಿದವರಿಗೂ ಉಪಯೋಗವಾಗಲಿ ಎಂದು ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಬಟ್ಟೆಗಾಗಿ ನೀನು ಬರಬೇಕಾಗಿಲ್ಲ. ನಿನ್ನ ಬೀರುವಿನಲ್ಲಿ ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆ, ಭಾವನ ಹಳೆಯ ಪಂಚೆ ಇದ್ದೇ ಇರುತ್ತವೆ. ಮೊದಲ ಸಲ ಸೂಜಿ ಹಿಡಿಯುವವರಿಗೆ ಅವುಗಳಿಗಿಂತ ಒಳ್ಳೆಯ ಬಟ್ಟೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಹೊಸ ಬಟ್ಟೆಯ ಗಂಜಿ ಸೂಜಿಯನ್ನು ತಡೆಯುತ್ತದೆ, ಒಗೆದ ಮೇಲೆ ಬಟ್ಟೆ ಕುಗ್ಗುತ್ತದೆ, ಬಣ್ಣವೂ ಬಿಡಬಹುದು. ಅಮ್ಮನ ಮೈಸೂರು ರೇಷ್ಮೆ ಸೀರೆಯ ತುಂಡನ್ನು ನೆನಪಿಗೆಂದು ಸೇರಿಸುತ್ತೇನೆ ಎಂದಿದ್ದೀಯಲ್ಲ, ಅದನ್ನು ಈ ಕೌದಿಗೆ ತರಬೇಡ. ಕ್ರೇಪ್ ರೇಷ್ಮೆ ಕೈಯಲ್ಲಿ ನಿಲ್ಲದೆ ಜಾರುತ್ತದೆ, ಜರಿ ಮಗುವಿನ ಮೈಗೆ ಒತ್ತುತ್ತದೆ, ಮೇಲಾಗಿ ಮಗುವಿನ ಬಟ್ಟೆಯನ್ನು ಒಗೆಯುವಷ್ಟು ಸಲ ರೇಷ್ಮೆಯನ್ನು ಒಗೆಯಲಾಗದು.

ಅಳತೆಯೂ ಅಷ್ಟೇ. ಡಬಲ್ ಕಾಟಿಗೆ ಆಗುವಂಥದ್ದನ್ನೇ ಹೊಲಿಯುತ್ತೇನೆ ಎಂಬ ಹಟ ಬೇಡ. ಒಂದು ಗಜ ಉದ್ದ, ಒಂದು ಗಜ ಅಗಲ ಸಾಕು.

ಹೊಲಿಯುವ ಕ್ರಮಕ್ಕೆ ನಾನು ನಮ್ಮ ಉತ್ತರ ಕನ್ನಡದ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರನ್ನೇ ನಂಬುತ್ತೇನೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಅವರು ಹೊಲಿಯುವ ಕವಂದಿಯಲ್ಲಿ, ಅಂದರೆ ಅವರ ಕೌದಿಯಲ್ಲಿ, ಚೂರುಗಳನ್ನು ಮೊದಲು ಬೇರೆಯಾಗಿ ಜೋಡಿಸಿಕೊಳ್ಳುವ ಕೆಲಸವೇ ಇಲ್ಲ. ಕೆಳಗೆ ಸೀರೆಯೊಂದನ್ನು ಹಾಸಿ, ಒಂದು ಮೂಲೆಯಿಂದ ಆರಂಭಿಸಿ, ಚೂರಿನ ಅಂಚನ್ನು ಬೆರಳಿನಿಂದ ಒಳಕ್ಕೆ ಮಡಚಿ ಇಡುತ್ತಾ, ಅಂಚಿನುದ್ದಕ್ಕೂ ಸುತ್ತು ಹೊಡೆದು, ಸುತ್ತಿನ ಮೇಲೆ ಸುತ್ತಾಗಿ ನಡುವಿಗೆ ಬಂದು ಮುಗಿಸುತ್ತಾರೆ. ಚೂರು ಸೇರಿಸುವುದೂ ಪದರ ಕೂಡಿಸುವುದೂ ಒಂದೇ ಹೊಲಿಗೆಯಲ್ಲಿ ಆಗಿಬಿಡುತ್ತದೆ. ಸ್ಕೇಲು, ಚೌಕಟ್ಟು, ನಡುವೆ ತುಂಬುವ ಫೈಬರ್ ಹಾಸು ಯಾವುದೂ ಬೇಕಿಲ್ಲದ ಈ ಕ್ರಮವೇ ಹೊಸಬರಿಗೆ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ದಪ್ಪ ಬೇಕೆನಿಸಿದರೆ ನಡುವೆ ಇನ್ನೊಂದು ಹಳೆಯ ಪಂಚೆಯನ್ನು ಸುಕ್ಕಿಲ್ಲದೆ ಹಾಸಿ, ಪದರ ಜರುಗದಂತೆ ಕಚ್ಚಾ ಹೊಲಿಗೆ (ಆಮೇಲೆ ಬಿಚ್ಚುವ ಉದ್ದುದ್ದ ಹೊಲಿಗೆ) ಹಾಕಿಕೊಂಡು ಮುಂದುವರಿ.

ಇನ್ನು ಕೈಯ ವಿಷಯ. ದಾರವನ್ನು ಒಂದು ಮೊಳಕ್ಕಿಂತ ಉದ್ದ ಕತ್ತರಿಸಬೇಡ, ಉದ್ದವಾದಷ್ಟೂ ಗಂಟು ಬೀಳುತ್ತದೆ, ಬಟ್ಟೆಯೊಳಗೆ ಓಡಾಡಿ ಸವೆದು ಹರಿಯುತ್ತದೆ. ತುದಿಗೆ ಸಣ್ಣ ಗಂಟು ಹಾಕಿ, ಹೊಲಿಗೆ ಶುರುವಾಗುವ ಜಾಗದಿಂದ ಒಂದಂಗುಲ ಆಚೆ ಮೇಲಿನ ಪದರಕ್ಕೆ ಮಾತ್ರ ಸೂಜಿ ಚುಚ್ಚಿ, ಬೇಕಾದ ಕಡೆ ಹೊರತೆಗೆದು ಮೆಲ್ಲನೆ ಒಮ್ಮೆ ಜಗ್ಗು. ಟಪ್ಪೆಂದು ಗಂಟು ಒಳಗೆ ಹೋಗಿ ಪದರಗಳ ನಡುವೆ ಕುಳಿತುಬಿಡುತ್ತದೆ, ಹೊರಗೆ ಕಾಣುವುದಿಲ್ಲ. ಸೂಜಿ ಗಿಡ್ಡದಾಗಿರಲಿ. ನಡುಬೆರಳಿಗೆ ಅಂಗುಸ್ತಾನ, ಅಂದರೆ ಸೂಜಿ ಚುಚ್ಚದಂತೆ ಬೆರಳಿಗೆ ತೊಡುವ ಟೊಪ್ಪಿ, ಹಾಕಿಕೊಂಡು ಸೂಜಿಯ ಹಿಂಬದಿಯನ್ನು ಒತ್ತುತ್ತಿರು, ಇನ್ನೊಂದು ಕೈಯ ಬೆರಳು ಬಟ್ಟೆಯ ಕೆಳಗಿರಲಿ. ತುದಿ ಆ ಬೆರಳಿಗೆ ತಾಗಿದೊಡನೆ ಸೂಜಿಯನ್ನು ಮಲಗಿಸಿ ಮೇಲೆತ್ತು. ಹೀಗೆ ಮೂರು ನಾಲ್ಕು ಹೊಲಿಗೆ ಸೂಜಿಯ ಮೇಲೆ ಕೂಡಿದ ಬಳಿಕವೇ ದಾರ ಎಳೆ. ಕೆಳಗಿನ ಬೆರಳಿಗೆ ತುದಿ ತಾಗದಿದ್ದರೆ ಸೂಜಿ ಎಲ್ಲ ಪದರವನ್ನೂ ದಾಟಿಲ್ಲವೆಂದೇ ಅರ್ಥ. ಹಿಂಬದಿಯಲ್ಲಿ ಹೊಲಿಗೆ ತಪ್ಪಿಹೋಗುವುದು ಇದರಿಂದಲೇ.

ಹೊಲಿಗೆ ಚಿಕ್ಕದಾಗಿಲ್ಲ ಎಂದು ಕೊರಗಬೇಡ. ಅಕ್ಕಿಕಾಳಿನಷ್ಟಿದ್ದರೂ ಸರಿಯೇ, ಹೊಲಿಗೆಯೂ ನಡುವಿನ ತೆರವೂ ಸಮನಾಗಿರಬೇಕು. ಸಾಲಿನಿಂದ ಸಾಲಿಗೆ ಒಂದು ಬೆರಳಿನ ಅಗಲ ಬಿಡು. ಸಮವಾದ ಕೈ ಬಂದಮೇಲೆ ಹೊಲಿಗೆ ತಾನಾಗಿ ಕಿರಿದಾಗುತ್ತದೆ. ದಾರವನ್ನು ಬಿಗಿದು ಎಳೆದರೆ ಕೌದಿಯೆಲ್ಲ ಮುದುಡಿಕೊಳ್ಳುತ್ತದೆ, ಆಗ ಆ ಸಾಲನ್ನು ಬಿಚ್ಚದೆ ಬೇರೆ ದಾರಿಯಿಲ್ಲ.

ಮಗುವಿನದೆಂಬ ಕಾರಣಕ್ಕೆ ಒಂದು ಮಾತು. ಗುಂಡಿ, ಮಣಿ, ಕನ್ನಡಿ ಏನನ್ನೂ ಹಚ್ಚಬೇಡ. ಗುಂಡುಪಿನ್ನು ಬಳಸಿದರೆ ಎಣಿಸಿ ಚುಚ್ಚಿ, ಎಣಿಸಿಯೇ ತೆಗೆ. ಮಗು ಎಚ್ಚರವಿದ್ದಾಗ ನೆಲದ ಮೇಲೆ ಹಾಸಿ ಆಡಿಸಲಿ. ನಿದ್ದೆಯಲ್ಲಿರುವ ಕೂಸಿಗೆ ಇದನ್ನು ಹೊದಿಸುವುದು ಬೇಡವೆಂದು ಅಕ್ಕನ ಮಗಳಿಗೂ ಹೇಳು.

ಈ ವಾರ ಬಟ್ಟೆಗಳನ್ನೆಲ್ಲ ಒಮ್ಮೆ ಒಗೆದು ಒಣಗಿಸಿ, ಹಗಲು ಬೆಳಕಿನಲ್ಲಿ ಪಕ್ಕಪಕ್ಕ ಹರಡಿ ಫೋಟೊ ಹಾಕು. ಯಾವುದನ್ನು ಕೆಳಗೆ ಹಾಸಬೇಕು, ಯಾವುದನ್ನು ಚೂರು ಮಾಡಬೇಕು ಎಂದು ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಯಾವುದಕ್ಕೂ ಕತ್ತರಿ ಹಾಕಬೇಡ.