ಸಹಾಯ ಬೇಕು: ಸಣ್ಣ ಗದ್ದೆಗಳಲ್ಲಿ ಒಟ್ಟಾಗಿ ಯಂತ್ರನಾಟಿ ಮಾಡಿಸುವ ಬಗ್ಗೆ

ಬಳಗದ ಹಿರಿಯರಿಗೂ ಕೃಷಿಕ ಮಿತ್ರರಿಗೂ ನಮಸ್ಕಾರ. ಬ್ರಹ್ಮಾವರದ ಹತ್ತಿರದ ನಮ್ಮ ಬೈಲಿನಲ್ಲಿ 11 ಮನೆಗಳ ಗದ್ದೆಗಳಿದ್ದು, ಹೆಚ್ಚಿನವು ಒಂದು ಎಕರೆಯನ್ನೂ ಮೀರುವುದಿಲ್ಲ. ಮುಂದಿನ ಏಣೆಲು (ಮಳೆಗಾಲದ ಭತ್ತದ) ಬೆಳೆಗೆ ಎಲ್ಲರೂ ಒಟ್ಟಾಗಿ ಯಂತ್ರನಾಟಿ ಮಾಡಿಸಬೇಕೆಂದು ಪ್ರಯತ್ನಿಸುತ್ತಿದ್ದೇನೆ. ಈವರೆಗೆ ಒಪ್ಪಿದವರು ನಾಲ್ಕೇ ಮನೆಯವರು.

ಉಳಿದವರು ಹೊಸತಕ್ಕೆ ಹೆದರುತ್ತಾರೆ ಎಂದುಬಿಡುವುದು ನನಗೆ ಸರಿಕಾಣುವುದಿಲ್ಲ. ಎರಡು ವರ್ಷಗಳ ಹಿಂದೆ ಚಾಪೆ ನೇಜಿ (ಯಂತ್ರಕ್ಕೆಂದು ಚಾಪೆಯಂತೆ ಒತ್ತಾಗಿ ಬೆಳೆಸಿದ ಭತ್ತದ ಸಸಿ) ಸಿದ್ಧವಾಗಿದ್ದರೂ ಬಾಡಿಗೆಯ ಯಂತ್ರ ಹೇಳಿದ ದಿನಕ್ಕೆ ಬರಲಿಲ್ಲ. ಸುಮಾರು 15ರಿಂದ 18 ದಿನಗಳಲ್ಲಿ ನೆಡಬೇಕಾದ ನೇಜಿ ತಿಂಗಳು ಕಳೆಯುವಷ್ಟರಲ್ಲಿ ಉದ್ದ ಬೆಳೆದು, ಬೇರು ಬಿಗಿಯಾಗಿ ಹೆಣೆದುಕೊಂಡು, ಯಂತ್ರಕ್ಕೆ ಕೊಟ್ಟಾಗ ತುಂಡು ತುಂಡಾಗಿ ಹರಿಯಿತು. ಪಕ್ಕದ ಮನೆಯ ಅಮ್ಮ ಮಳೆಯಲ್ಲಿ ನಿಂತು ಆ ಚಾಪೆಯನ್ನು ಕೈಯಿಂದ ಬಿಡಿಸಿ ನೆಟ್ಟದ್ದನ್ನು ಇಡೀ ಬೈಲೇ ನೋಡಿದೆ. ಒಂದೇ ಬೆಳೆಯನ್ನು ನಂಬಿದವರಿಗೆ ಅಂಥ ನಷ್ಟ ಸಣ್ಣದಲ್ಲ.

ಪಹಣಿಯ ತೊಡಕೂ ಇದೆ. ಸಹಾಯಧನಕ್ಕೆ ಫ್ರೂಟ್ಸ್ (ಸರ್ಕಾರದ ರೈತರ ಮಾಹಿತಿ ತಂತ್ರಾಂಶ) ನೋಂದಣಿ ಬೇಕು. ಆದರೆ ಕೆಲವು ಗದ್ದೆಗಳು ಇಂದಿಗೂ ತೀರಿಹೋದ ಅಜ್ಜಿಯರ ಹೆಸರಿನಲ್ಲಿವೆ, ಪಾಲುದಾರರು ಮುಂಬೈಯಲ್ಲಿದ್ದಾರೆ, ಕೆಸರಿಗಿಳಿದು ದುಡಿಯುವವರ ಹೆಸರಿನಲ್ಲಿ ಮಾತ್ರ ಯಾವ ದಾಖಲೆಯೂ ಇಲ್ಲ.

ಉಡುಪಿ, ಕಾಪು, ಕುಂದಾಪುರದ ಕಡೆ ಹೀಗೆ ಒಟ್ಟಾಗಿ ನಾಟಿ ಮಾಡಿಸಿದವರು ದಯವಿಟ್ಟು ಅನುಭವ ತಿಳಿಸಬೇಕು. ಯಂತ್ರದವರೊಂದಿಗೆ ದಿನವನ್ನು ಹೇಗೆ ಖಚಿತಪಡಿಸಿಕೊಂಡಿರಿ, ನೇಜಿ ಹಾಳಾದರೆ ನಷ್ಟವನ್ನು ಹೇಗೆ ಹಂಚಿಕೊಂಡಿರಿ, ನೀರು ನಿಲ್ಲುವ ಬೈಲು ಗದ್ದೆಯಲ್ಲಿ ಯಂತ್ರ ಹೂತುಹೋಗದಂತೆ ಏನು ಮಾಡಿದಿರಿ? ಪ್ರಯತ್ನಿಸಿ ಕೈಬಿಟ್ಟವರು ಕಾರಣವನ್ನು ಬರೆದರೆ ಅದು ನಮಗೆ ಇನ್ನೂ ಹೆಚ್ಚು ಉಪಯೋಗವಾಗುತ್ತದೆ. ನೇಜಿ ಹಾಕುವ ಮೊದಲೇ ಎಲ್ಲರನ್ನೂ ಕೂರಿಸಿ ಮಾತನಾಡಬೇಕಾಗಿದೆ.