ಮೈನರ್ ಬ್ಲೂಸ್: ಶಾಲೆಯ ಬಿಗ್ ಬ್ಯಾಂಡ್ ಮಕ್ಕಳಿಗೆ ಹೇಗೆ ಕಲಿಸಿದಿರಿ?

ಕೇಳಿದವರು, ನ್ಯೂಜೆರ್ಸಿ: ಮಗಳ ಶಾಲೆಯ ಜಾಝ್ ಬ್ಯಾಂಡಿಗೆ ಸಹಾಯಕನಾಗಿ ಹೋಗುತ್ತಿದ್ದೇನೆ. ಸಿ ಮೈನರ್‌ನ ಹನ್ನೆರಡು ಬಾರಿನ (ಬಾರ್ ಎಂದರೆ ನಮ್ಮ ಆವರ್ತದಂಥ ತಾಳದ ಅಳತೆ) ಬ್ಲೂಸ್ ಅರೇಂಜ್‌ಮೆಂಟ್ ಆರಿಸಿದ್ದಾರೆ. ಟ್ರೊಂಬೋನ್ ಇಬ್ಬರೇ, ಬ್ಯಾರಿಟೋನ್ ಸ್ಯಾಕ್ಸ್ (ತಗ್ಗು ದನಿಯ ದೊಡ್ಡ ಸ್ಯಾಕ್ಸಫೋನ್) ಇಲ್ಲ. ಸೋಲೋ, ಅಂದರೆ ಒಬ್ಬರೇ ಆಶುವಾಗಿ ನುಡಿಸಿ ಎಂದರೆ ಮಕ್ಕಳು ನೆಲ ನೋಡುತ್ತಾರೆ. ಅನುಭವ ಇದ್ದವರು ತಿಳಿಸಿ.

ಸ್ಯಾಕ್ಸ್ ಅಪ್ಪ, ಡಲ್ಲಾಸ್: ಬ್ಯಾರಿಟೋನ್ ಇಲ್ಲದಿರುವುದು ನಿಮ್ಮ ಪುಣ್ಯ. ನಮಗೆ ಬಾಡಿಗೆ ತಿಂಗಳಿಗೆ 120 ಡಾಲರ್, ವಿಮೆ ಬೇರೆ. ಐದು ರೀಡಿನ (ಬಾಯಲ್ಲಿಟ್ಟು ಊದುವ ತೆಳು ಪಟ್ಟಿ) ಡಬ್ಬಿಗೆ 38. ಮಗ ಕಚ್ಚಿ ಸೀಳಿದ್ದಕ್ಕೆ ಲೆಕ್ಕವಿಲ್ಲ. ಪೆಟ್ಟಿಗೆ ಕಾರಿನ ಡಿಕ್ಕಿಯಲ್ಲಿ ಹಿಡಿಸದೆ ಹಿಂದಿನ ಸೀಟು ಮಡಚಬೇಕು, ಆಗ ತಂಗಿ ಮನೆಯಲ್ಲೇ ಉಳಿಯಬೇಕು. ಇಷ್ಟಾದ ಮೇಲೆ ತಳದ ಎ ಕೀಲಿಯ ಪ್ಯಾಡ್ ಗಾಳಿ ಬಿಡತೊಡಗಿತು. ಬ್ಯಾರಿಟೋನಿನ ಆ ಎ ಎಂದರೆ ಪಿಯಾನೋದ ಸಿ, ಅಂದರೆ ಇಡೀ ಹಾಡಿನ ಷಡ್ಜ! ಮಗ ಊದಿದ, ಬರೀ ಉಸ್ಸೆಂದಿತು. ರಿಪೇರಿಗೆ 185. ಅಂಗಡಿಯವರು ‘ಬೀಳಿಸಿದ್ದೀರಿ’ ಎಂದರು. ಯಾರೂ ಬೀಳಿಸಿಲ್ಲ.

ವೀಣೆ ಅಮ್ಮ, ಸ್ಯಾನ್ ಹೋಸೆ: ಸೋಲೋ ವಿಷಯಕ್ಕೆ ಬರೋಣ. ಮೈನರ್ ಬ್ಲೂಸಿಗೆ ಹೊಂದುವ ಡೋರಿಯನ್ ಸ್ವರಶ್ರೇಣಿ ಎಂದರೆ ನಮ್ಮ ಖರಹರಪ್ರಿಯ ರಾಗದ ಸ್ವರಗಳೇ. ಮಗನಿಗೆ ಹಾಡಿಸಿ ಕಳಿಸಿದೆ. ಬೇರೆ ಮಕ್ಕಳು ಹಾಳೆ ಹುಡುಕುತ್ತಿದ್ದಾಗ ಇವನು ಎದ್ದು ನಿಂತು ನುಡಿಸಿದ.

ಹಳೆಯ ಪಿಯಾನೋ, ಬೆಂಗಳೂರು: ಎಂಟು ಬಾರಿನವರೆಗೆ ನುಡಿಸಿರುತ್ತಾನೆ. ಒಂಬತ್ತರಲ್ಲಿ ಎ ಫ್ಲಾಟ್ ಸೆವೆನ್ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಬಂದಾಗ ನಿಮ್ಮ ಚತುಶ್ರುತಿ ಧೈವತ, ಅಂದರೆ ಎ, ಎಲ್ಲಿ ಕೂರುತ್ತದೆ ತಾಯಿ? ಮುಂದಿನ ಜಿ ಸೆವೆನ್‌ಗೆ ಕಾಕಲಿ ನಿಷಾದ (ಬಿ) ಬೇಕು, ಖರಹರಪ್ರಿಯದಲ್ಲಿರುವುದು ಕೈಶಿಕಿ (ಬಿ ಫ್ಲಾಟ್). ನಾನು ಮೊದಲು ವಾದ್ಯ ಕೆಳಗಿಡಿಸಿ ಆ ಎರಡು ಬಾರು ಮತ್ತು ಹನ್ನೊಂದನೆಯದನ್ನು ಹಾಡಿಸುತ್ತೇನೆ: ಬಾರಿಗೊಂದು ಸ್ವರದಂತೆ ಅರ್ಧ ಬ್ಯಾಂಡ್ ಸಿ, ಬಿ, ಸಿ, ಉಳಿದರ್ಧ ಜಿ ಫ್ಲಾಟ್, ಎಫ್, ಇ ಫ್ಲಾಟ್. ಇದು ಕಿವಿಗೆ ಹತ್ತಿದ ಮೇಲೆಯೇ ಸೋಲೋ. ಪಿಯಾನೋದ ಸಿ ಮೈನರ್ ಆಲ್ಟೋ ಸ್ಯಾಕ್ಸಿಗೆ ಎ ಮೈನರ್, ಟೆನರ್ ಸ್ಯಾಕ್ಸ್ ಮತ್ತು ಟ್ರಂಪೆಟ್‌ಗೆ ಡಿ ಮೈನರ್ ಎಂದು ಬೇರೆ ಹೇಳಬೇಕಿಲ್ಲವಷ್ಟೆ.

ವೀಣೆ ಅಮ್ಮ: ಬ್ಲೂಸ್ ಹುಟ್ಟಿದ್ದೇ ಗಾಂಧಾರವನ್ನು ಎಳೆದು ಜಾರಿಸಿ. ಗಮಕ ಬಲ್ಲ ಮಗುವಿಗೆ ನಿಮ್ಮ ಲೆಕ್ಕದ ಪುಸ್ತಕ ಬೇಡ.

ಟ್ರಂಪೆಟ್, ಮೈಸೂರು: ಇಬ್ಬರಿಗೂ ತಾಳದ ಚಿಂತೆಯೇ ಇಲ್ಲ. ನಮ್ಮ ನಿರ್ದೇಶಕರು ಸ್ಯಾಕ್ಸ್ ವಾದಕ ಜಾನ್ ಕೋಲ್ಟ್ರೇನ್ 1959ರಲ್ಲಿ ಧ್ವನಿಮುದ್ರಿಸಿದ ‘ಮಿಸ್ಟರ್ ಪಿ.ಸಿ.’ ಕೇಳಿಸಿ, ಅದೇ ಬಿರುಸಿನ ವೇಗ ಬೇಕೆಂದರು. ಅದೂ ಸಿ ಮೈನರ್ ಬ್ಲೂಸೇ, ಬಾಸ್ ವಾದಕ ಪಾಲ್ ಚೇಂಬರ್ಸ್ ಹೆಸರಿನದು. ಆದರೆ ಅದನ್ನು ನುಡಿಸಿದ ಆ ನಾಲ್ವರೆಲ್ಲಿ, ಹಲ್ಲಿಗೆ ತಂತಿ ಕಟ್ಟಿಸಿಕೊಂಡ ನಾವೆಲ್ಲಿ! ತುಟಿ ಒಡೆದು ರಕ್ತ ಬಂತು. ಅರ್ಧ ವೇಗದಲ್ಲಿ, ಎರಡು ಮತ್ತು ನಾಲ್ಕನೆಯ ಎಣಿಕೆಗೆ ಡ್ರಮ್ಮಿನ ಹೈ-ಹ್ಯಾಟ್ (ಕಾಲಲ್ಲಿ ತಟ್ಟುವ ಜೋಡಿ ತಾಳ) ಮಾತ್ರ ಇಟ್ಟು ನುಡಿಸಿದ್ದರೆ ಆಗುತ್ತಿತ್ತು.

ಕೇಳಿದವರು: ಇಬ್ಬರು ಟ್ರೊಂಬೋನಿಗೆ ಯಾವ ಪಾರ್ಟ್ ಕೊಡಲಿ?

ಹಳೆಯ ಪಿಯಾನೋ: ಒಂದು ಮತ್ತು ಎರಡು. ಅಮ್ಮನವರೇ, ಧೈವತವೇ ಬೇಡವೆಂದರೆ ಶುದ್ಧ ಧನ್ಯಾಸಿ ರಾಗ ಹೇಳಿಕೊಡಬಹುದಿತ್ತಲ್ಲ?

ವೀಣೆ ಅಮ್ಮ: ನೀವು ಹೇಳುತ್ತಿರುವುದು ಉದಯರವಿಚಂದ್ರಿಕೆ.

ಹಳೆಯ ಪಿಯಾನೋ: ಎರಡೂ ಒಂದೇ.

ವೀಣೆ ಅಮ್ಮ: ನಿಮಗೆ ಪಾಠ ಹೇಳಿದವರು ಯಾರು?